ಅಟ್ಟದ ಗೋಡೆಯ ತೇವ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟಿದ ಮನೆಯನ್ನು ಕಾಪಾಡಿಕೊಂಡು ಬರುವ ಕಷ್ಟವನ್ನು ಕುರಿತ ಗಾದೆಯನ್ನು ಮಾತ್ರ ನಾನು ಕೇಳಿದವನಲ್ಲ. ಹಿರಿಯರಿಗೆ ಅದೊಂದು ಕಷ್ಟವೆಂದು ತೋರಿರಲಾರದು. ಬಿತ್ತನೆ, ಕಳೆ, ಸುಗ್ಗಿಗಳಂತೆ ಅದೂ ವರ್ಷದ ಕೆಲಸಗಳಲ್ಲಿ ಒಂದೆಂದು ಅವರು ಎಣಿಸಿದ್ದಿರಬೇಕು. ಒಮ್ಮೆ ಕಟ್ಟಿ ಮುಗಿಸಿದರೆ ಸಾಕು, ಮನೆ ತನ್ನಷ್ಟಕ್ಕೆ ತಾನು ಇರುತ್ತದೆ ಎಂಬ ಭ್ರಮೆ ನಮ್ಮ ಕಾಲದ್ದು. ಆ ಭ್ರಮೆಯಲ್ಲಿ ಹಲವು ವರ್ಷ ಬಾಳಿದ ನಾನು, ಅದರಿಂದ ನನಗಾದ ನಷ್ಟವನ್ನೂ ನನ್ನಿಂದ ಇನ್ನೊಬ್ಬರಿಗಾದ ಅನ್ಯಾಯವನ್ನೂ ವಾಚಕರಲ್ಲಿ ನಿವೇದಿಸಿಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ವಿಷಯ ಸಾಮಾನ್ಯವಾದುದು: ಮೇಲ್ಮನೆಯ ಬಿಸಿಲು ಮತ್ತು ಅಟ್ಟದ ಗೋಡೆಯ ತೇವ. ಆದರೆ ನಿಮ್ಮಲ್ಲಿ ಅನೇಕರು ಇಂದು ಮೋಲ್ಡ್ ಹಾಕಿದ ಮನೆಗಳಲ್ಲಿಯೇ ವಾಸಿಸುವವರಾದುದರಿಂದ ಈ ಮಾತು ನಿಮಗೂ ಸಂಬಂಧಿಸಿದ್ದು.

ನಾನು ಹುಟ್ಟಿದ್ದು ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮಣ್ಣಿನ ಮಾಳಿಗೆಯ ಮನೆಯಲ್ಲಿ. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆ, ಅದರ ಮೇಲೆ ಒಂದಡಿಗೆ ಕಡಿಮೆಯಿಲ್ಲದಷ್ಟು ಮಣ್ಣು. ಗೋಡೆಗಳಾದರೋ ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ಹೊರಗೆ ನೆಲ ಕಾದ ಹಂಚಿನಂತಿದ್ದಾಗಲೂ ನಡುಮನೆಯಲ್ಲಿ ಬೆನ್ನಿಗೆ ತಂಪು ತಗಲುತ್ತಿತ್ತು. ಆದರೆ ಆ ತಂಪು ಪುಕ್ಕಟೆಯಾಗಿ ಬಂದುದಲ್ಲ. ಪ್ರತಿವರ್ಷ ಮೃಗಶಿರ ಮಳೆ ಹಿಡಿಯುವ ಮುನ್ನ ನಮ್ಮ ತಂದೆಯವರು ಏಣಿ ಹಚ್ಚಿ ಮಾಳಿಗೆಯನ್ನೇರುತ್ತಿದ್ದರು. ಹುಲ್ಲು ಕಿತ್ತು, ಇಲಿ ತೋಡಿದ ತೂತುಗಳನ್ನು ಮುಚ್ಚಿ, ಸವುಳು ಮಣ್ಣನ್ನು ಹೊಸದಾಗಿ ಹರಡಿ, ನೀರು ದೋಣಿಯ ಕಡೆಗೆ ಹರಿಯುವಂತೆ ಇಳಿಜಾರು ಮಾಡಿ ತುಳಿಯುತ್ತಿದ್ದರು. ಬೆಳೆಗೆ ಬಾರದ ಆ ಮಣ್ಣು ಮಳೆಯ ಮೊದಲ ಹನಿಗೆ ಮೆತ್ತಗಾಗಿ ಸಂದುಗಳನ್ನೆಲ್ಲ ಮುಚ್ಚಿಕೊಂಡು ನೀರನ್ನು ಕೆಳಕ್ಕೆ ಬಿಡುತ್ತಿರಲಿಲ್ಲ. ಹುಡುಗನಾದ ನಾನು ಬುಟ್ಟಿ ಹೊತ್ತು ಕೊಡುತ್ತಿದ್ದೆ. ಆಗ ಅದು ನನಗೆ ಬೇಸರದ ಕೆಲಸವಾಗಿತ್ತು; ದೊಡ್ಡವನಾದ ಮೇಲೆ ಮಾಳಿಗೆ ಹತ್ತಬೇಕಾಗದ ಮನೆಯೊಂದನ್ನು ಕಟ್ಟಿಸುವೆನೆಂದು ಮನಸ್ಸಿನಲ್ಲಿಯೇ ಸಂಕಲ್ಪ ಮಾಡಿಕೊಂಡಿದ್ದೆ.

ಆ ಸಂಕಲ್ಪ ಬೆಂಗಳೂರಿನ ಉತ್ತರಕ್ಕಿರುವ ಬಾಗಲಗುಂಟೆಯಲ್ಲಿ ಕೈಗೂಡಿತು. ತುಮಕೂರು ರಸ್ತೆಯ ದಾಸರಹಳ್ಳಿಗೆ ಹೊಂದಿಕೊಂಡಿರುವ ಈ ಊರು ಒಂದು ಕಾಲಕ್ಕೆ ಹೊಲಗದ್ದೆಗಳ ಹಳ್ಳಿ. ಕುಂಟೆಯನ್ನು ತನ್ನ ಹೆಸರಿನ ಕೊನೆಯಲ್ಲಿಯೇ ಉಳಿಸಿಕೊಂಡಿದೆ. ಪೀಣ್ಯದ ಕಾರ್ಖಾನೆಗಳು ಬೆಳೆದಂತೆ ನಮ್ಮ ಉತ್ತರ ಕರ್ನಾಟಕದವರು ಕೆಲಸಕ್ಕಾಗಿ ಇಲ್ಲಿಗೆ ಬಂದು ನೆಲೆಸಿದರು. 2007ರಲ್ಲಿ ದಾಸರಹಳ್ಳಿ ನಗರಸಭೆ ಬೆಂಗಳೂರಿನ ಮಹಾನಗರ ಪಾಲಿಕೆಯಲ್ಲಿ ಸೇರಿಹೋಯಿತು. 2015ರಲ್ಲಿ ಮೆಟ್ರೊ ರೈಲು ನಾಗಸಂದ್ರದವರೆಗೆ ಬಂತು. ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ನಾನು 2009ರಲ್ಲಿ ಇಲ್ಲಿ ನೆಲಮನೆಯನ್ನು ಕಟ್ಟಿಸಿದೆ. 2011ರಲ್ಲಿ ಅದರ ತಾರಸಿಯ ಮೇಲೆ ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಒಂದು ಕೋಣೆ, ಅದಕ್ಕೊಂದು ಪುಟ್ಟ ಅಡುಗೆಮನೆ, ಬಚ್ಚಲು ಕಟ್ಟಿಸಿ ಬಾಡಿಗೆಗೆ ಕೊಟ್ಟೆ. ಕೋಣೆಯ ಉತ್ತರದ ಗೋಡೆಗೆ, ಏಳಡಿ ಎತ್ತರದಲ್ಲಿ, ಸಾಮಾನು ಇಡಲು ಕಾಂಕ್ರೀಟಿನ ಅಟ್ಟವೊಂದನ್ನು ಮಾಡಿಸಿದ್ದೆ. ನನ್ನ ಕಥೆಯೆಲ್ಲ ಆ ಅಟ್ಟದ ಹಿಂದಿನ ಗೋಡೆಯಲ್ಲಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಹವೆ ಹಿತವಾದುದೆಂದು ಎಲ್ಲರೂ ಬಲ್ಲರು. ಆದರೆ ತಾರಸಿಯ ಮೇಲಣ ಕೋಣೆಗೆ ಆ ಹಿತವಿಲ್ಲ. ನಾಲ್ಕೈದು ಅಂಗುಲದ ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಹೀರಿ, ಸಂಜೆಯಾದ ಮೇಲೆ ಅದನ್ನು ನಿಧಾನವಾಗಿ ಕೆಳಕ್ಕೆ ಸುರಿಯುತ್ತದೆ. ಹೊರಗೆ ತಂಗಾಳಿ ಬೀಸುತ್ತಿರುವ ರಾತ್ರಿ ಒಂಬತ್ತು ಗಂಟೆಗೆ ಒಳಗೆ ಮಲಗಿದವರಿಗೆ ಸೂರಿನಿಂದ ಕಾವು ಇಳಿಯುತ್ತಿರುತ್ತದೆ. 2016ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿಗೆ ಏರಿ ದಾಖಲೆಯಾದುದು ನಿಮಗೆ ನೆನಪಿರಬಹುದು. ಆ ತಿಂಗಳು ಒಂದು ರಾತ್ರಿ ಶಾಲೆಯ ಉಷ್ಣಮಾಪಕವನ್ನು ಒಯ್ದು ನೋಡಿದಾಗ ಹೊರಗೆ 27 ಡಿಗ್ರಿ, ಕೋಣೆಯೊಳಗೆ 33 ಡಿಗ್ರಿ ಇತ್ತು.

ಆಗ ಅಲ್ಲಿ ಬಾಡಿಗೆಗಿದ್ದವರು ಸಿಂದಗಿ ಕಡೆಯ ಒಂದು ಕುಟುಂಬ. ಗಂಡ ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಿದ್ದಳು. ಮೂರು ವರ್ಷದ ಮಗಳು. ನಾಡಿನ ಮಾತಾಡುವವರೆಂದು ನನಗೆ ಅವರಲ್ಲಿ ಅಭಿಮಾನವಿತ್ತು. ಅವರು ನನ್ನನ್ನು 'ಕಾಕಾ' ಎಂದು ಕರೆಯುತ್ತಿದ್ದರು. ಕೂಸು ಸೆಕೆಗೆ ಮಲಗದೆಂದು ಅವರು ಹೇಳಿಕೊಂಡಾಗ ನಾನು ಉದಾಸೀನ ಮಾಡಲಿಲ್ಲ. ಉಷ್ಣನಿರೋಧಕದ ಪಾಠವನ್ನು ಮಕ್ಕಳಿಗೆ ಹೇಳಿದವನಲ್ಲವೆ? ಒಂದು ಅಂಗುಲದ ಥರ್ಮೊಕೋಲ್ ತಡೆಯುವಷ್ಟು ಶಾಖವನ್ನು ಕಾಂಕ್ರೀಟಿನಿಂದ ತಡೆಯಬೇಕಾದರೆ ಮೂರಡಿಗೂ ಮೀರಿದ ದಪ್ಪ ಬೇಕಾಗುತ್ತದೆ. ಥರ್ಮೊಕೋಲಿನ ಸಣ್ಣ ಸಣ್ಣ ಗೂಡುಗಳಲ್ಲಿ ಸೆರೆಯಾದ ಗಾಳಿಯೇ ಇದಕ್ಕೆ ಕಾರಣ. ಇದನ್ನು ಅರಿತಿದ್ದ ನಾನು ಮೇ ತಿಂಗಳಲ್ಲಿ ಸೂರಿನ ಕೆಳಮೈಗೆ ಎರಡು ಅಂಗುಲದ ಥರ್ಮೊಕೋಲ್ ಹಲಗೆಗಳನ್ನು ಅಂಟಿಸಿ, ಅದರ ಕೆಳಗೆ ಪ್ಲಾಸ್ಟರ್ ಆಫ್ ಪ್ಯಾರಿಸಿನ ಹುಸಿಸೂರೊಂದನ್ನು ಕಟ್ಟಿಸಿದೆ. ಕೋಣೆ ತಂಪಾಯಿತು. ಕೂಸು ನಿದ್ದೆ ಹೋಯಿತೆಂದು ತಾಯಿ ಬಂದು ಹೇಳಿದಾಗ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಆದರೆ ಆ ಹುಸಿಸೂರು ಗೋಡೆಯ ಮೇಲ್ಭಾಗದ ಎರಡು ಗಾಳಿಕಿಂಡಿಗಳನ್ನು ಮರೆಮಾಡಿತು. ಮಳೆಯ ಎರಚಲು, ಸೊಳ್ಳೆ ಬರುವುದು ತಪ್ಪಿತೆಂದು ನಾನು ಅದನ್ನೂ ಒಂದು ಲಾಭವೆಂದೇ ಎಣಿಸಿದೆ.

ಮರುವರ್ಷ, 2017ರಲ್ಲಿ, ಬೆಂಗಳೂರಿನಲ್ಲಿ ಮಳೆ ಬಹಳವಾಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಆ ಹೆಣ್ಣುಮಗಳು ಕೆಳಗೆ ಬಂದು, "ಕಾಕಾರ, ಅಟ್ಟದ ಗ್ವಾಡಿ ಹಸಿ ಆಗೇತ್ರಿ. ಕರೀ ಬೂಷ್ಟು ಬಂದೈತಿ. ಕೂಸು ರಾತ್ರಿ ಎಲ್ಲಾ ಕೆಮ್ಮತೈತ್ರಿ" ಎಂದಳು. ನಾನು ಮೇಲೆ ಹೋಗಿ ನೋಡಿದೆ. ಕೋಣೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು, ಅಡುಗೆಮನೆಯಲ್ಲಿ ಅನ್ನ ಕುದಿಯುತ್ತಿತ್ತು, ಕಿಟಕಿಗಳು ಮುಚ್ಚಿದ್ದವು. ನನಗೆ ಅಷ್ಟೇ ಸಾಕಾಯಿತು. "ಒಳಗ ಅರಿವಿ ಒಣಾಕಿದ್ರ ಗ್ವಾಡಿ ಹಸಿ ಆಗದ ಮತ್ತೇನ ಆಗತೈತವ್ವಾ? ಕಿಟಕಿ ತಗದ ಇಡ್ರಿ" ಎಂದು ಹೇಳಿ ಇಳಿದು ಬಂದೆ. ಏಣಿ ಹಚ್ಚಿ ಸೂರಿನ ಮೇಲೆ ಹೋಗಿ ನೋಡಲಿಲ್ಲ. ಆಕೆ ಮತ್ತೆ ಎರಡು ಸಲ ಹೇಳಿದಳು. ನಾನು ಎರಡು ಸಲವೂ ಅದೇ ಉತ್ತರ ಕೊಟ್ಟೆ. 2018ರ ಮಾರ್ಚಿನಲ್ಲಿ ಅವರು ಮನೆ ಬಿಟ್ಟರು. ಗೋಡೆ ಕೆಡಿಸಿದರೆಂದು ಅವರ ಮುಂಗಡದ ಹಣದಲ್ಲಿ ಬಣ್ಣದ ಖರ್ಚೆಂದು ಒಂಬತ್ತು ಸಾವಿರ ರೂಪಾಯಿ ಹಿಡಿದುಕೊಂಡು ಉಳಿದುದನ್ನು ಕೊಟ್ಟೆ. ಗಂಡ ಎದುರು ಮಾತಾಡಲಿಲ್ಲ. ಹೆಂಡತಿ ಆ ದಿನ ಕೆಳಗೆ ಬಂದು ಹೇಳಿಹೋಗಲಿಲ್ಲ. ನಾನು ಬೂಷ್ಟನ್ನು ಒರೆಸಿ, ಮೇಲೆ ನೀರು ಹೀರದ ಹೊಳೆಯುವ ಬಣ್ಣವನ್ನು ಎರಡು ಕೋಟು ಬಳಿಸಿದೆ. ಆಮೇಲೆ ಬಂದ ಅವಿವಾಹಿತ ಹುಡುಗರು ಗೋಡೆಯ ಗೋಜಿಗೆ ಹೋದವರಲ್ಲ.

2021ರಲ್ಲಿ ಮಗನ ಮದುವೆಯಾಯಿತು. ಕೆಳಮನೆಯನ್ನು ಅವರಿಗೆ ಬಿಟ್ಟು ನಾನೂ ನಮ್ಮ ಮನೆಯವರೂ ಮೇಲಿನ ಕೋಣೆಗೆ ಬಂದೆವು. ಊರಿನಿಂದ ತಂದಿದ್ದ ತಂದೆಯವರ ಮರದ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟೆ. 2022ರ ಮಳೆಗಾಲ ಬಂತು. ಸಾಮಾನ್ಯವಾಗಿ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿರುವ ಬೆಂಗಳೂರಿನ ಮಳೆ ಆ ವರ್ಷ 1,900 ಮಿಲಿಮೀಟರನ್ನು ದಾಟಿತು. ಆಗಸ್ಟಿನಿಂದ ನಮ್ಮ ಮನೆಯವರಿಗೆ ಕೆಮ್ಮು ಹಿಡಿಯಿತು. ಹಗಲು ಕೆಳಗೆ ಮೊಮ್ಮಗನನ್ನು ಆಡಿಸುವಾಗ ಇರುತ್ತಿರಲಿಲ್ಲ. ರಾತ್ರಿ ಮೇಲೆ ಮಲಗಿದೊಡನೆ ಆರಂಭವಾಗುತ್ತಿತ್ತು. ವೈದ್ಯರು ಔಷಧ ಕೊಟ್ಟು, ಮಲಗುವ ಕೋಣೆಯಲ್ಲಿ ತೇವವಿದೆಯೇ ಎಂದು ಕೇಳಿದರು. ಇಲ್ಲವೆಂದೇ ಹೇಳಿದೆ. ಅಕ್ಟೋಬರಿನ ಒಂದು ಸಂಜೆ ಕಂಬಳಿ ಬೇಕಾಗಿ ಅಟ್ಟದ ಪೆಟ್ಟಿಗೆಯನ್ನು ಸರಿಸಿದೆ. ಅದರ ಹಿಂಬದಿಯ ಹಲಗೆ ಗೋಡೆಗೆ ಅಂಟಿಕೊಂಡಿತ್ತು. ಗೋಡೆ ಕಪ್ಪಾಗಿತ್ತು. ಹೊಳೆಯುವ ಬಣ್ಣ ಗುಳ್ಳೆಗಳೆದ್ದು, ಒತ್ತಿದರೆ ಒಳಗಿನಿಂದ ನೀರು ಜಿನುಗಿತು. ಪೆಟ್ಟಿಗೆಯಲ್ಲಿ ತಂದೆಯವರು ತಮ್ಮ ಕೈಯಿಂದ ಬರೆದ ಹೊಲಮನೆಯ ಲೆಕ್ಕದ ಪುಸ್ತಕಗಳಿದ್ದವು. ಪ್ರತಿವರ್ಷದ ಪುಟದಲ್ಲಿ ಮಾಳಿಗೆಗೆ ಎಷ್ಟು ಬಂಡಿ ಮಣ್ಣು ಹಾಕಿಸಿದೆನೆಂಬುದನ್ನೂ ಅವರು ಬರೆದಿಟ್ಟಿದ್ದರು. ಹಾಳೆಗಳು ಒಂದಕ್ಕೊಂದು ಅಂಟಿ ಬಿಡಿಸಲು ಬಾರದಂತಾಗಿದ್ದವು.

ನಾವು ಆ ಕೋಣೆಯಲ್ಲಿ ಬಟ್ಟೆ ಒಣಹಾಕುತ್ತಿರಲಿಲ್ಲ. ನಮ್ಮ ಅಡುಗೆಯೂ ಕೆಳಗೇ ಆಗುತ್ತಿತ್ತು. ಹಾಗಾದರೆ ಈ ನೀರು ಎಲ್ಲಿಂದ ಬಂತು? ಐದು ವರ್ಷದ ಹಿಂದೆ ಕೇಳಬೇಕಾಗಿದ್ದ ಈ ಪ್ರಶ್ನೆಯನ್ನು ಅಂದು ರಾತ್ರಿ ಕೇಳಿಕೊಂಡೆ.

ವಾಚಕರೇ, ಮನೆಯ ಗೋಡೆಗೆ ತೇವ ಬರುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಮೇಲಿನಿಂದ ಅಥವಾ ಪಕ್ಕದಿಂದ ಮಳೆಯ ನೀರೋ ಕೊಳವೆಯ ನೀರೋ ಸೋರಿ ಬರುವುದು. ಎರಡನೆಯದು, ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಇಟ್ಟಿಗೆ, ಗಾರೆಗಳು ನೆಲದ ನೀರನ್ನು ಮೇಲಕ್ಕೆ ಎಳೆದುಕೊಳ್ಳುವುದು. ಇದು ಸಾಮಾನ್ಯವಾಗಿ ನೆಲದಿಂದ ಎರಡು ಮೂರು ಅಡಿಯವರೆಗೆ ಕಾಣುತ್ತದೆ, ಒಣಗಿದಾಗ ಬಿಳಿಯ ಉಪ್ಪನ್ನು ಬಿಡುತ್ತದೆ. ಮೂರನೆಯದು, ಒಳಗಿನ ಗಾಳಿಯಲ್ಲಿರುವ ಆವಿಯೇ ತಣ್ಣಗಿನ ಗೋಡೆಯನ್ನು ಮುಟ್ಟಿ ನೀರಾಗುವುದು. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಮೂಡುವುದು ಇದೇ ನಿಯಮದಿಂದ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ತಿಳಿಯದೆ ಬಣ್ಣ ಬಳಿಯುವುದು ರೋಗವನ್ನರಿಯದೆ ಔಷಧ ಕೊಟ್ಟಂತೆ.

ಇದನ್ನು ಅರಿಯಲು ಸುಲಭವಾದ ಪರೀಕ್ಷೆಯೊಂದಿದೆ. ಯಾರು ಬೇಕಾದರೂ ಮಾಡಬಹುದು. ಗೋಡೆಯ ಮೇಲೆ ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಇಟ್ಟು ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಬಿಗಿಯಾಗಿ ಮುಚ್ಚಿ, ಎರಡು ದಿನ ಬಿಡಬೇಕು. ಹಾಳೆಯ ಹಿಂದೆ, ಗೋಡೆಯ ಕಡೆಗೆ ನೀರು ಕಂಡರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಹಾಳೆಯ ಮುಂದೆ, ಕೋಣೆಯ ಕಡೆಗೆ ಹನಿಗಳಿದ್ದರೆ ಅದು ಗಾಳಿಯ ಆವಿ. ಅಟ್ಟದ ಗೋಡೆಯಲ್ಲಿ ಎರಡು ಕಡೆ ಹಾಳೆ ಅಂಟಿಸಿದೆ. ಮೇಲೆ, ಸೂರಿಗೆ ಹತ್ತಿರವಿದ್ದ ಹಾಳೆಯ ಹಿಂದೆ ನೀರು ಇಳಿಯುತ್ತಿತ್ತು. ಕೆಳಗಿನ ಹಾಳೆಯ ಹಿಂಬದಿ ಒಣಗಿತ್ತು. ಮುಂಬದಿಯಲ್ಲಿ ಬೆಳಗಿನ ಹೊತ್ತು ಸಣ್ಣ ಹನಿಗಳಿದ್ದವು. ಎಂದರೆ ಎರಡು ರೋಗಗಳು ಒಂದೇ ಗೋಡೆಯಲ್ಲಿ ಮನೆಮಾಡಿದ್ದವು.

ಹುಸಿಸೂರನ್ನು ಕೀಳಿಸಿದೆ. ಥರ್ಮೊಕೋಲಿನ ಹಿಂದೆ ಸ್ಲ್ಯಾಬಿನ ಕೆಳಮೈ ಹಸಿರು ಕಪ್ಪು ಬಣ್ಣಕ್ಕೆ ತಿರುಗಿತ್ತು. ಕಂಬಿಗಳು ತುಕ್ಕು ಹಿಡಿದು ಎರಡು ಕಡೆ ಕಾಂಕ್ರೀಟು ಸೀಳಿತ್ತು. ಆಮೇಲೆ, ಆ ಕೋಣೆ ಕಟ್ಟಿಸಿದ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅದರ ಸೂರನ್ನು ಪರೀಕ್ಷಿಸುವ ಉದ್ದೇಶದಿಂದ ಏಣಿ ಹಚ್ಚಿ ಹತ್ತಿದೆ. 2014ರಲ್ಲಿ ನಾನೇ ಮುಂದೆ ನಿಂತು ಹಾಕಿಸಿದ ಸೌರ ನೀರುಕಾಯಕದ ನಾಲ್ಕು ಕಾಲುಗಳು ಅಲ್ಲಿದ್ದವು. ಗಾಳಿಗೆ ಅಲುಗದಿರಲೆಂದು ಪ್ರತಿಯೊಂದು ಕಾಲಿಗೂ ಎರಡೆರಡು ಬೋಲ್ಟುಗಳನ್ನು ನೀರುನಿರೋಧಕ ಗಾರೆಯನ್ನು ಕೊರೆದು ಸ್ಲ್ಯಾಬಿಗೇ ಇಳಿಸಲಾಗಿತ್ತು. ಬೋಲ್ಟುಗಳ ಸುತ್ತ ಬೆರಳು ತೂರುವಷ್ಟು ಗಾರೆ ಕಳಚಿತ್ತು. ಉತ್ತರದ ಎರಡು ಕಾಲುಗಳು ಸರಿಯಾಗಿ ಅಟ್ಟದ ಗೋಡೆಯ ಮೇಲೆ ನಿಂತಿದ್ದವು. ಆ ಸೌರಯಂತ್ರದ ಬಿಸಿನೀರು ಬರುತ್ತಿದ್ದುದು ಕೆಳಗೆ, ನಮ್ಮ ಬಚ್ಚಲಿಗೆ. ನಮ್ಮ ಸ್ನಾನದ ಸುಖಕ್ಕಾಗಿ ಕೊರೆದ ರಂಧ್ರಗಳಿಂದ ನೀರು ಇಳಿದುದು ಅವರ ಗೋಡೆಗೆ. ಅದಕ್ಕೆ ದಂಡ ತೆತ್ತವರೂ ಅವರೇ. ಅಂದು ಆ ಸೂರಿನ ಮೇಲೆ ಕುಳಿತು ನನಗಾದ ನಾಚಿಕೆಯನ್ನು ಹೆಚ್ಚು ವರ್ಣಿಸಲಾರೆ.

ಇನ್ನು ಎರಡನೆಯ ರೋಗ. ಬಟ್ಟೆ ಒಣಹಾಕಿದುದರಿಂದ ತೇವ ಬಂತೆಂಬ ನನ್ನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಸತ್ಯ. ಉಸಿರು, ಅಡುಗೆ, ಸ್ನಾನ, ಒದ್ದೆ ಬಟ್ಟೆಗಳಿಂದ ಪ್ರತಿಯೊಂದು ಮನೆಯಲ್ಲಿಯೂ ದಿನಕ್ಕೆ ಹಲವು ಲೀಟರು ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಅದು ಹೊರಹೋಗಲು ಸೂರಿನ ಹತ್ತಿರ ಗಾಳಿಕಿಂಡಿ ಇರಬೇಕು. ಆ ಕಿಂಡಿಗಳನ್ನು ಮುಚ್ಚಿಸಿದವನು ನಾನು. ಮಳೆಗಾಲದ ರಾತ್ರಿ ಕೋಣೆಯ ಗಾಳಿ 25 ಡಿಗ್ರಿಯಲ್ಲಿದ್ದು ಅದರ ಆರ್ದ್ರತೆ ನೂರಕ್ಕೆ 75 ಇದೆಯೆನ್ನೋಣ. ಅಟ್ಟದ ಪೆಟ್ಟಿಗೆಗಳ ಹಿಂದೆ, ಗಾಳಿಯಾಡದ ಗೋಡೆಯ ಮೈ 21 ಡಿಗ್ರಿಗೆ ತಣ್ಣಗಿದ್ದರೆ, ಅಲ್ಲಿ ಅದೇ ಗಾಳಿಯ ಆರ್ದ್ರತೆ ನೂರಕ್ಕೆ 95ಕ್ಕೆ ಏರುತ್ತದೆ. ಬೂಷ್ಟು ಬೆಳೆಯಲು ನೀರು ಹರಿಯಬೇಕಾಗಿಲ್ಲ. ಗೋಡೆಯ ಮೈಯಲ್ಲಿ ನೂರಕ್ಕೆ 80ರ ಆರ್ದ್ರತೆ ಹಲವು ದಿನ ನಿಂತರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟನ್ನು ಕುರಿತು ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಇಂತಹ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ ಮೊದಲಾದ ಉಸಿರಾಟದ ತೊಂದರೆಗಳು ಹೆಚ್ಚೆಂದು ಹೇಳಿದೆ. ಆ ಕೂಸಿನ ಕೆಮ್ಮಿಗೆ ನಮ್ಮ ಗೋಡೆಯೇ ಕಾರಣವೆಂದು ಪ್ರಮಾಣ ಮಾಡಿ ಹೇಳಲು ಬಾರದು. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಮೂವತ್ತು ವರ್ಷ ಹುಡುಗರಿಗೆ ಸಾಂದ್ರೀಕರಣದ ಪಾಠ ಹೇಳಿದವನಿಗೆ ಸ್ವಂತ ಗೋಡೆಯ ಮೇಲೆ ಅದನ್ನು ಓದಲು ಬಾರದೆ ಹೋಯಿತು. ಶಾಖವನ್ನು ತಡೆಯುವುದೊಂದನ್ನೇ ನೋಡಿದೆ. ನೀರಿನ ದಾರಿಯನ್ನು ನೋಡಲಿಲ್ಲ. ಇವೆರಡೂ ಅವಳಿಗಳೆಂಬುದನ್ನು ಹಿಂದಿನವರು ಅನುಭವದಿಂದ ಬಲ್ಲವರಾಗಿದ್ದರು. ಮಲೆನಾಡಿನ ಮನೆಗಳ ಅಟ್ಟವನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಒಲೆಯ ಕಾವು, ಹೊಗೆಗಳು ಅಟ್ಟದ ಮೂಲಕ ಏರಿ ಹಂಚಿನ ಸಂದುಗಳಿಂದ ಹೊರಹೋಗುತ್ತವೆ. ಅಡಿಕೆ, ಮೆಣಸುಗಳು ಎಂತಹ ಮಳೆಯಲ್ಲಿಯೂ ಕೆಡುವುದಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಹಬ್ಬಿದ ಮಂಗಳೂರು ಹಂಚು ಮಳೆಯನ್ನು ತಡೆದು ಗಾಳಿಯನ್ನು ಬಿಡುವ ಗುಣದಿಂದಲೇ ಜನಪ್ರಿಯವಾಯಿತು. ಹಳೆಯ ಬೆಂಗಳೂರಿನ ಮದ್ರಾಸ್ ತಾರಸಿಯಲ್ಲಿ ತೊಲೆಗಳ ಮೇಲೆ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಗಾರೆ. ಅಳಲೆಕಾಯಿ, ಬೆಲ್ಲಗಳ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿದು ಅದನ್ನು ಕೂಡಿಸುತ್ತಿದ್ದರು. ಶಾಖಕ್ಕೂ ನೀರಿಗೂ ಅದೊಂದೇ ಹೊದಿಕೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಸಿಮೆಂಟಿಲ್ಲದೆ ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದಲೇ ಕಟ್ಟಿದರೆಂಬುದನ್ನು ನೆನೆದರೆ ಆ ಕೈಗಾರಿಕೆಯ ಬಲ ಅರ್ಥವಾದೀತು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ಮಣ್ಣಿನ ಇಟ್ಟಿಗೆಗಳನ್ನು ಮತ್ತೆ ಪರಿಶೀಲನೆಗೆ ತೆಗೆದುಕೊಂಡುದೂ ಹಳೆಯ ಸಾಮಗ್ರಿಗಳಲ್ಲಿ ವಿವೇಕವಿದೆಯೆಂಬ ನಂಬಿಕೆಯಿಂದಲೇ.

ಒಂದು ಎಚ್ಚರಿಕೆಯ ಮಾತು. ಉಷ್ಣನಿರೋಧಕವನ್ನು ಎಲ್ಲಿ ಇಡಬೇಕೆಂಬುದಕ್ಕೆ ಎಲ್ಲ ದೇಶಗಳಿಗೂ ಒಂದೇ ಉತ್ತರವಿಲ್ಲ. ಕೆನಡಾದಲ್ಲಿರುವ ನನ್ನ ತಮ್ಮನ ಮಗನ ಮನೆಯಲ್ಲಿ ಅಟ್ಟದ ತುಂಬ ಒಂದಡಿಗೂ ಮೀರಿ ನಾರಿನ ಹಾಸಿಗೆಯಿದೆ. ಅದರ ಕೆಳಗೆ, ಕೋಣೆಯ ಕಡೆಗೆ ಪ್ಲಾಸ್ಟಿಕ್ ಹಾಳೆಯಿದೆ. ಮೇಲೆ ಸೂರಿನಂಚಿನಲ್ಲಿ ಗಾಳಿಕಿಂಡಿಗಳಿವೆ. ಅಲ್ಲಿ ಒಳಗಿನ ಬೆಚ್ಚಗಿನ ಆವಿ ಹಿಮದಂತಹ ಅಟ್ಟಕ್ಕೇರಿ ನೀರಾಗದಿರಲೆಂದು ಆ ಏರ್ಪಾಡು. ನಮ್ಮಲ್ಲಿ ಶತ್ರು ಬಿಸಿಲು ಮತ್ತು ಮೇಲಿನಿಂದ ಬೀಳುವ ಮಳೆ. ಆದುದರಿಂದ ನಮ್ಮ ಕಾಂಕ್ರೀಟು ಸೂರಿಗೆ ಹೊದಿಕೆ ಹೊರಗಿನಿಂದಲೇ ಇರುವುದು ಲೇಸು. ಆಗ ಸ್ಲ್ಯಾಬೇ ತಂಪಾಗಿರುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಬಿರುಕು ಬಿಡುವುದು ಕಡಿಮೆಯಾಗುತ್ತದೆ. ಎಲ್ಲಿಯಾದರೂ ಸೋರಿದರೆ ಕೆಳಗಿನಿಂದ ಒಡನೆ ಕಣ್ಣಿಗೆ ಬೀಳುತ್ತದೆ. ಒಳಗಿನಿಂದ ಹೊದಿಸಿದರೆ ನನ್ನಂತೆ ಆರು ವರ್ಷ ಏನೂ ಕಾಣದೆ ಇರಬಹುದು.

ನಾನು ಮಾಡಿಸಿದ ಕೆಲಸವನ್ನು ಅನುಕ್ರಮವಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮಳೆ ನಿಂತ ಮೇಲೆ, 2023ರ ಜನವರಿಯಲ್ಲಿ, ಸೌರಯಂತ್ರವನ್ನು ಇಳಿಸಿ, ಬೋಲ್ಟುಗಳನ್ನು ಕಿತ್ತು, ರಂಧ್ರಗಳನ್ನು ತುಂಬಿಸಿದೆ. ತುಕ್ಕು ಹಿಡಿದ ಕಂಬಿಗಳನ್ನು ಉಜ್ಜಿ, ಒಡೆದ ಕಾಂಕ್ರೀಟನ್ನು ಸರಿಪಡಿಸಿದ್ದಾಯಿತು. ಸೂರಿನ ಮೇಲೆ ನೀರುನಿರೋಧಕ ಲೇಪ ಬಳಿದು, ಪ್ಯಾರಾಪೆಟ್ ಗೋಡೆ ಸೇರುವ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಾಗಿ ತಿದ್ದಿಸಿ, ನೀರು ಹೋಗುವ ಕೊಳವೆಯನ್ನು ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ನೋಡಿದೆವು. ಕೆಳಗೆ ಹನಿ ಕಾಣದಿದ್ದ ಮೇಲೆಯೇ ಮುಂದಿನ ಕೆಲಸ. ಅದರ ಮೇಲೆ ನೀರು ಹೀರದ ಗಟ್ಟಿ ನೊರೆಹಲಗೆ ಎರಡು ಅಂಗುಲ; ಅದರ ಮೇಲೆ ಐದಡಿಗೆ ಒಂದು ಅಂಗುಲದ ಇಳಿಜಾರಿನಲ್ಲಿ ಗಾರೆ; ಎಲ್ಲಕ್ಕೂ ಮೇಲೆ ಬಿಳಿಯ ಹೆಂಚಿನ ಚೂರುಗಳ ಹಾಸು. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಇಷ್ಟು ಖರ್ಚಿಗೆ ಅನುಕೂಲವಿಲ್ಲದವರು ಪ್ರತಿವರ್ಷ ಮಾರ್ಚಿನಲ್ಲಿ ತಾರಸಿಗೆ ಸುಣ್ಣ ಬಳಿದರೂ ಕಾವು ಎಷ್ಟೋ ಇಳಿಯುತ್ತದೆ. ಅಹಮದಾಬಾದಿನಲ್ಲಿ ಬಡವರ ಮನೆಗಳ ಸೂರಿಗೆ ಸುಣ್ಣ ಬಳಿಯುವ ಕಾರ್ಯ ನಡೆದಿದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಸೂರಿನ ನೀತಿಯನ್ನೇ ಪ್ರಕಟಿಸಿತು. ಸೌರಯಂತ್ರವನ್ನು ಮತ್ತೆ ನಿಲ್ಲಿಸಿದಾಗ ಸೂರನ್ನು ಕೊರೆಯದೆ, ಹಾಸಿನ ಮೇಲೆ ಭಾರವಾದ ಕಾಂಕ್ರೀಟು ಪೀಠಗಳನ್ನಿಟ್ಟು ಅವುಗಳಿಗೇ ಕಾಲುಗಳನ್ನು ಬಿಗಿಸಿದೆವು.

ಒಳಗೆ ಗಾಳಿಕಿಂಡಿಗಳನ್ನು ತೆರೆಸಿ ಜಾಲರಿ ಹಾಕಿಸಿದೆ. ಬೂಷ್ಟು ಹಿಡಿದ ಥರ್ಮೊಕೋಲನ್ನು ಎಸೆದೆ. ಗೋಡೆಯ ಬೂಷ್ಟನ್ನು ಒಣಗಿದ್ದಾಗ ಕೆರೆದರೆ ಅದರ ಪುಡಿ ಉಸಿರಿಗೆ ಸೇರುತ್ತದೆ. ಆದುದರಿಂದ ಮೂಗುಬಾಯಿ ಮುಚ್ಚಿಕೊಂಡು ಸೋಪಿನ ನೀರಿನಿಂದ ಒದ್ದೆ ಮಾಡಿ ಒರೆಸಬೇಕು. ಹೊಳೆಯುವ ಬಣ್ಣವನ್ನೂ ಕೆಟ್ಟ ಗಿಲಾವನ್ನೂ ತೆಗೆಸಿ, ಗೋಡೆಯನ್ನು ಮಾರ್ಚ್ ಕೊನೆಯವರೆಗೆ ಬೆತ್ತಲೆಯಾಗಿ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಿಲಾವು ಮಾಡಿಸಿದೆ. ಸುಣ್ಣದ ಗೋಡೆ ಉಸಿರಾಡುತ್ತದೆ, ತೇವ ಬಂದರೂ ಬಿಟ್ಟುಕೊಡುತ್ತದೆ. ಅಟ್ಟದ ಸಾಮಾನುಗಳನ್ನು ಗೋಡೆಯಿಂದ ನಾಲ್ಕು ಅಂಗುಲ ಈಚೆಗಿಟ್ಟೆ. ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತಾಮಾಪಕವೊಂದನ್ನು ತೂಗುಹಾಕಿದೆ. ಮಳೆಯ ದಿನ ಕಿಟಕಿ ತೆರೆದರೆ ತೇವ ಒಳಬರುತ್ತದೆಂದು ಅನೇಕರು ಹೆದರುತ್ತಾರೆ. ಬೆಂಗಳೂರಿನ ಹವೆಯಲ್ಲಿ ಆ ಹೆದರಿಕೆ ಬೇಡ. ಹೊರಗೆ 20 ಡಿಗ್ರಿಯಲ್ಲಿ ನೂರಕ್ಕೆ 90 ಆರ್ದ್ರತೆಯಿರುವ ಗಾಳಿ ಒಳಗೆ ಬಂದು 25 ಡಿಗ್ರಿಗೆ ಬೆಚ್ಚಗಾದಾಗ ಅದರ ಆರ್ದ್ರತೆ 66ರ ಸುಮಾರಿಗೆ ಇಳಿಯುತ್ತದೆ. ಕರಾವಳಿಯಲ್ಲಿ ಹೊರಗಿನ ಗಾಳಿಯೇ ಬಿಸಿಯೂ ತೇವವೂ ಆಗಿರುವುದರಿಂದ ಅಲ್ಲಿಯ ವಾಚಕರು ಈ ಲೆಕ್ಕವನ್ನು ಹಾಗೆಯೇ ಒಪ್ಪಬಾರದು.

ಕೆಲಸ ಮುಗಿದ ಏಪ್ರಿಲಿನಲ್ಲಿ ರಾತ್ರಿ ಒಂಬತ್ತಕ್ಕೆ ಒಳಗೆ 29 ಡಿಗ್ರಿ ಇತ್ತು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕಡೆ ಮನೆಗಳಿಗೆ ನೀರು ನುಗ್ಗಿದ ಆ ಭಾರಿ ಮಳೆಯಲ್ಲಿಯೂ ಅಟ್ಟದ ಗೋಡೆ ಒಣಗಿತ್ತು. ನಮ್ಮ ಮನೆಯವರ ಕೆಮ್ಮು ಪೂರ್ತಿ ಹೋಗದಿದ್ದರೂ ರಾತ್ರಿ ನಿದ್ದೆಗೆ ಅಡ್ಡಿಯಿಲ್ಲ. ತಂದೆಯವರ ಲೆಕ್ಕದ ಪುಸ್ತಕಗಳಲ್ಲಿ ಎರಡನ್ನು ಮಾತ್ರ ನೆರಳಿನಲ್ಲಿ ಒಣಗಿಸಿ ಉಳಿಸಿಕೊಂಡೆವು.

ಗೋಡೆಯನ್ನು ಸರಿಪಡಿಸಿದಷ್ಟು ಸುಲಭವಾಗಿ ಸರಿಪಡಿಸಲಾಗದ ಕೆಲಸವೊಂದು ಉಳಿದಿತ್ತು. ಹಳೆಯ ಬಾಡಿಗೆಯವರ ದೂರವಾಣಿ ಸಂಖ್ಯೆಯನ್ನು ಹುಡುಕಿ ತೆಗೆದೆ. ಎರಡು ವಾರ ಅದನ್ನು ಮೇಜಿನ ಮೇಲಿಟ್ಟುಕೊಂಡೇ ಕಳೆದೆ. ನಮ್ಮ ಮನೆಯವರು, "ಸೂರ ಹತ್ತೂದಕ್ಕ ಹನ್ನೊಂದು ವರ್ಷ ಬೇಕಾತು, ಇದಕ್ಕ ಎಷ್ಟ ವರ್ಷ ಬೇಕ್ರಿ?" ಎಂದು ಕೇಳಿದ ಮೇಲೆ ಕರೆಮಾಡಿದೆ. ಗಂಡ ಮಾತಾಡಿದ. ಅವರು ಈಗ ಹುಬ್ಬಳ್ಳಿಯಲ್ಲಿದ್ದಾರೆ. ಬೋಲ್ಟಿನ ಸಂಗತಿಯನ್ನೆಲ್ಲ ಹೇಳಿ, ಒಂಬತ್ತು ಸಾವಿರ ರೂಪಾಯಿ ನಿಮ್ಮದು, ಕಳುಹಿಸುತ್ತೇನೆ ಎಂದೆ. ಆತ, "ಇರ್ಲಿ ಬಿಡ್ರಿ ಕಾಕಾರ, ಈಗ್ಯಾಕ ಅದು" ಎಂದ. ಸ್ವಲ್ಪ ಸುಮ್ಮನಿದ್ದು, "ರೊಕ್ಕ ಬ್ಯಾರೆ ಮಾತು. ಆಕಿ ಹೇಳಿದ್ದು ಖರೇ ಇತ್ತು ಅಂತ ಆಕಿಗೆ ನೀವ ಹೇಳ್ರಿ" ಎಂದು ಹೆಂಡತಿಯ ಕೈಗೆ ಕೊಟ್ಟ.

ನಾನು ಹೇಳಿದೆ. ಆಕೆ ಕೇಳಿಸಿಕೊಂಡಳು. ಬೈಯಲಿಲ್ಲ, ಪರವಾಯಿಲ್ಲವೆಂದೂ ಅನ್ನಲಿಲ್ಲ. "ಮಗಳ ಈಗ ಸಾಲಿಗೆ ಹೋಗತಾಳ್ರಿ. ಕೆಮ್ಮಿಲ್ಲ. ಇಲ್ಲಿ ಮನಿ ಸಣ್ಣದೈತಿ, ಆದ್ರ ಗಾಳಿ ಚಲೋ ಬರತೈತ್ರಿ" ಎಂದಷ್ಟೇ ಹೇಳಿದಳು. ಹಣವನ್ನು ಅದೇ ದಿನ ಕಳುಹಿಸಿದೆ.

ವಾಚಕ ಬಂಧುಗಳೇ, ಇಷ್ಟನ್ನು ಬರೆದುದು ನನ್ನ ಪ್ರಾಮಾಣಿಕತೆಯ ಪ್ರದರ್ಶನಕ್ಕಲ್ಲ. ಐದು ವರ್ಷ ತಡವಾಗಿ ಬಂದ ಪ್ರಾಮಾಣಿಕತೆಯನ್ನು ಯಾರೂ ಮೆರೆಸಬೇಕಾಗಿಲ್ಲ. ನಿಮ್ಮಲ್ಲಿ ಬಾಡಿಗೆಗೆ ಮನೆ ಕೊಟ್ಟವರಿರಬಹುದು, ಬಾಡಿಗೆಗೆ ಇರುವವರೂ ಇರಬಹುದು. ಗೋಡೆ ಹಸಿಯಾಗಿದೆಯೆಂದು ಯಾರಾದರೂ ಬಂದು ಹೇಳಿದಾಗ ಉತ್ತರ ಕೊಡುವುದಕ್ಕಿಂತ ಮೊದಲು ಏಣಿ ಹಚ್ಚಿರಿ. ಯಾರೂ ಹೇಳದಿದ್ದರೂ ವರ್ಷಕ್ಕೊಮ್ಮೆ, ಮೃಗಶಿರ ಮಳೆಗೆ ಮುನ್ನ, ಸೂರನ್ನು ಹತ್ತಿ ಕಸ ತೆಗೆಯಿರಿ, ನೀರಿನ ಕೊಳವೆಯ ಬಾಯಿಯನ್ನು ನೋಡಿರಿ, ಬಿರುಕುಗಳ ಮೇಲೆ ಬೆರಳಾಡಿಸಿರಿ. ಮಣ್ಣಿನ ಮಾಳಿಗೆ ಇದನ್ನು ನಮ್ಮಿಂದ ಬಲವಂತವಾಗಿ ಮಾಡಿಸುತ್ತಿತ್ತು. ಕಾಂಕ್ರೀಟು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಈ ವರ್ಷ ನಾನು ಹತ್ತಿದಾಗ ಮೊಮ್ಮಗ ಕೆಳಗೆ ನಿಂತು ಏಣಿ ಹಿಡಿದಿದ್ದ. ಅವನಿಗೂ ಅದು ಬೇಸರದ ಕೆಲಸವೇ. ಕೆಳಗಿಳಿದ ಮೇಲೆ ತಂದೆಯವರ ಲೆಕ್ಕದ ಪುಸ್ತಕದ ಉಳಿದ ಖಾಲಿ ಹಾಳೆಯಲ್ಲಿ ದಿನಾಂಕವನ್ನೂ ಸೂರಿನ ಸ್ಥಿತಿಯನ್ನೂ ಬರೆದಿಟ್ಟೆ.